ಹೊಲಿಗೆ ಇಲ್ಲದೆ ಕಿಟಕಿಗೆ ಬಟ್ಟೆಯ ಪೆಲ್ಮೆಟ್ ಮಾಡಿದ 24 ದಿನ

ಮೊನ್ನೆ ಸಂಜೆ ಅಮ್ಮನ ಕೋಣೆಯ ಕಿಟಕಿ ಮೇಲೆ ಪೆಲ್ಮೆಟ್ ಕೂತಿತು. ಕೆಲಸಕ್ಕೆ ಕೈ ಹಾಕಿದ್ದು ಅದಕ್ಕೆ 24 ದಿನ ಮೊದಲು. ಶನಿವಾರ, ಭಾನುವಾರ ಎರಡು ದಿನ ಕೂತರೆ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಎಲ್ಲಿ ತಡವಾಯಿತು, ಎಲ್ಲಿ ದುಡ್ಡು ದಂಡವಾಯಿತು, ಯಾವ ಅಳತೆ ಕೈಕೊಟ್ಟಿತು ಅನ್ನೋದೆಲ್ಲ ಇನ್ನೂ ತಲೆಯಲ್ಲಿ ಹಸಿಯಾಗಿದೆ. ಮುಂದೆ ಮಾಡುವವರಿಗೆ ಗೊಂದಲ ಆಗದಿರಲಿ ಅಂತ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಪೆಲ್ಮೆಟ್ ಅಂದರೆ ಪರದೆಯ ರಾಡು ಕಾಣದ ಹಾಗೆ ಕಿಟಕಿಯ ಮೇಲೆ ಕೂರಿಸುವ ಪೆಟ್ಟಿಗೆ. ಕೆಲವರು ಕಾರ್ನಿಸ್ ಅಂತಲೂ ಕರೆಯುತ್ತಾರೆ. ಮುಂದೆ ಒಂದು ಉದ್ದ ಹಲಗೆ, ಎಡಕ್ಕೊಂದು ಬಲಕ್ಕೊಂದು ಚಿಕ್ಕ ಹಲಗೆ, ಮೇಲೆ ಮುಚ್ಚಳದ ಹಾಗೆ ಇನ್ನೊಂದು. ಕೆಳಗೂ ಹಿಂದೂ ತೆರೆದೇ ಇರುತ್ತದೆ. ಹಲಗೆಯ ಮೇಲೆ ಮೆತ್ತನೆಯ ಹಾಸು, ಅದರ ಮೇಲೆ ಬಟ್ಟೆ. ಬಟ್ಟೆಯನ್ನು ಎಳೆದು ಒಳಗಡೆ ಸ್ಟೇಪಲ್ ಹೊಡೆದರೆ ಆಯಿತು, ಸೂಜಿ ದಾರ ಬೇಕಿಲ್ಲ. ನನ್ನ ಹತ್ತಿರ ಹೊಲಿಗೆ ಮಿಷನ್ ಇಲ್ಲ. ಗುಂಡಿ ಹಾಕೋದು ಬಿಟ್ಟರೆ ಹೊಲಿಗೆ ಬರೋದೂ ಇಲ್ಲ. ಅದಕ್ಕೇ ಈ ದಾರಿ ಹಿಡಿದೆ.

ಇದು ಬೇಕಾಗಿದ್ದು ಅಂದಕ್ಕಲ್ಲ, ಅಮ್ಮನ ಕಣ್ಣಿಗೆ. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಅಮ್ಮನಿಗೆ ಬೆಳಕು ಚುಚ್ಚುತ್ತಿತ್ತು. ಅವರ ಕೋಣೆಯ ಕಿಟಕಿ ಪಡುವಣಕ್ಕಿದೆ. ಪರದೆ ದಪ್ಪನೆಯದೇ ಹಾಕಿದ್ದೆ. ಆದರೂ ಮಧ್ಯಾಹ್ನ ಮೂರು ಗಂಟೆಯಾಯಿತು ಅಂದರೆ ಪರದೆಯ ತಲೆ ಮೇಲಿಂದ ಬೆಳಕು ಸುರಿದು ಎದುರು ಗೋಡೆಗೆ ಒಂದು ಉರಿಯುವ ಪಟ್ಟಿ ಬೀಳುತ್ತಿತ್ತು. ರಾಡು ಗೋಡೆಯಿಂದ 9 ಸೆಂ.ಮೀ. ಮುಂದೆ ನಿಂತಿದೆ. ಆ ಸಂದಿ ತೆರೆದೇ ಇರುವಾಗ ಪರದೆ ಎಷ್ಟು ದಪ್ಪ ಇದ್ದರೇನು? ಅಮ್ಮ ಮುಖಕ್ಕೆ ಸೆರಗು ಹಾಕಿಕೊಂಡು ಮಲಗುತ್ತಿದ್ದರು. ಅದನ್ನು ನೋಡಿದ ದಿನವೇ ಟೇಪು ಹಿಡಿದು ನಿಂತೆ.

ಮೇಲ್ಗಡೆ ಮುಚ್ಚಿದ ಪೆಟ್ಟಿಗೆಯಿಂದ ಇನ್ನೊಂದು ಉಪಯೋಗವೂ ಇದೆ. ಚಳಿಯಲ್ಲಿ ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿಯುತ್ತದೆ, ಆ ಜಾಗಕ್ಕೆ ಮೇಲಿನ ಸಂದಿಯಿಂದ ಕೋಣೆಯ ಬೆಚ್ಚನೆ ಗಾಳಿ ಹೋಗಿ ಅದೂ ತಣ್ಣಗಾಗುತ್ತದೆ. ಸಂದಿ ಮುಚ್ಚಿದರೆ ಈ ಸುತ್ತಾಟ ಕಡಿಮೆಯಾಗುತ್ತದೆ. ಹಾಗಾಗಿ ಮೇಲಿನ ಹಲಗೆಯನ್ನು ಯಾರೂ ನೋಡಲ್ಲ ಅಂತ ಬಿಟ್ಟುಬಿಡಬೇಡಿ. ಕೆಲಸ ಮಾಡೋದು ಅದೇ.

ಮೊದಲ ಎರಡು ದಿನ ಅಳತೆಗೇ ಹೋಯಿತು. ನಾನು ಮೊದಲು ಅಳೆದಿದ್ದು ಕಿಟಕಿಯ ಚೌಕಟ್ಟನ್ನ: 150 ಸೆಂ.ಮೀ. ಆ ಅಳತೆ ಕೆಲಸಕ್ಕೇ ಬರಲಿಲ್ಲ. ಪೆಲ್ಮೆಟ್ ಮುಚ್ಚಬೇಕಾಗಿರೋದು ರಾಡನ್ನು. ನಮ್ಮ ರಾಡು ಎರಡೂ ಕಡೆಯ ಗುಂಡನೆಯ ತುದಿ ಸೇರಿ 190 ಸೆಂ.ಮೀ. ಇತ್ತು. ಕಿಟಕಿಗೂ ಅದಕ್ಕೂ 40 ಸೆಂ.ಮೀ. ವ್ಯತ್ಯಾಸ ನೋಡಿ! ರಾಡಿನ ತುದಿಯಿಂದ ತುದಿಗೆ ಅಳೆದು, ಪ್ರತಿ ಬದಿಗೂ ಕಡಿಮೆ ಅಂದರೆ 2 ಸೆಂ.ಮೀ. ಸೇರಿಸಬೇಕು. ಜಾಗ ಇದ್ದರೆ 5 ಸೇರಿಸಿದರೆ ಇನ್ನೂ ಒಳ್ಳೆಯದು. ನನ್ನ ಬಲಗಡೆ ಬೀರು ಇದ್ದುದರಿಂದ 2ಕ್ಕೇ ನಿಲ್ಲಿಸಿದೆ. 194 ಅಂತ ಬರೆದುಕೊಂಡೆ. ಈ 194 ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕಾಡಿತು.

ಆಳಕ್ಕೂ ರಾಡೇ ಲೆಕ್ಕ. ಗೋಡೆಯಿಂದ ರಾಡಿಗೆ 9, ಪರದೆಯ ನಿರಿಗೆ ಮುಂದಕ್ಕೆ ಉಬ್ಬುವುದಕ್ಕೆ 5, ಕೈಯಾಡಲು 2. ಒಟ್ಟು 16 ಸೆಂ.ಮೀ. ಎರಡು ರಾಡಿನ ಪರದೆ ಇದ್ದವರು ಹೊರಗಿನ ರಾಡಿನಿಂದ ಲೆಕ್ಕ ಹಾಕಬೇಕು.

ಎತ್ತರದ ಬಗ್ಗೆ ಒಂದು ವಾಡಿಕೆಯ ಲೆಕ್ಕ ಇದೆ. ಪೆಲ್ಮೆಟ್‌ನ ತಲೆಯಿಂದ ಪರದೆಯ ಕೆಳ ಅಂಚಿನವರೆಗೆ ಎಷ್ಟಿದೆಯೋ ಅದರ ಐದನೇ ಒಂದು ಭಾಗದಿಂದ ಆರನೇ ಒಂದು ಭಾಗ. ನಮ್ಮದು ನೆಲದವರೆಗಿನ ಪರದೆ, 228 ಸೆಂ.ಮೀ. ಅಂದರೆ 38ರಿಂದ 45ರ ಒಳಗೆ. ಅಂಕಿಯಲ್ಲಿ ಇದು ಚಿಕ್ಕ ವ್ಯತ್ಯಾಸ ಅನ್ನಿಸುತ್ತದೆ, ಗೋಡೆ ಮೇಲೆ ಹಾಗಲ್ಲ. ಹಳೆಯ ರಟ್ಟಿನ ಪೆಟ್ಟಿಗೆ ಬಿಚ್ಚಿ, 45 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಟೇಪು ಹಚ್ಚಿ ಗೋಡೆಗೆ ಅಂಟಿಸಿದೆ. ಕೋಣೆಗೆ ಹುಬ್ಬು ಗಂಟಿಕ್ಕಿದ ಹಾಗೆ ಕಂಡಿತು. ಮಾರನೇ ದಿನ ಕೆಳಗಿಂದ ಕತ್ತರಿಸಿ 38 ಮಾಡಿದೆ. ಅಮ್ಮ ಮಂಚದ ಮೇಲಿಂದ ನೋಡಿ, “ಹಾಂ, ಈಗ ಸರಿ ಹೋಯ್ತು ನೋಡು” ಅಂದರು. ಕುರ್ಚಿಯಲ್ಲಿ ಕೂತು ನೋಡಿದಾಗ, ಮಲಗಿ ನೋಡಿದಾಗ ಒಳಗಿನ ರಾಡು ಕಾಣುತ್ತದಾ ಅನ್ನೋದನ್ನೂ ಈ ರಟ್ಟಿನಲ್ಲೇ ತಿಳಿದುಕೊಂಡೆ. ದಯವಿಟ್ಟು ಈ ರಟ್ಟಿನ ಹಂತ ಬಿಡಬೇಡಿ. ಇಡೀ ಕೆಲಸದಲ್ಲಿ ಕಾಸು ಖರ್ಚಿಲ್ಲದೆ ಅಷ್ಟು ಕಲಿಸಿದ್ದು ಇನ್ಯಾವುದೂ ಇಲ್ಲ.

ಕಿಟಕಿಯ ಬಾಗಿಲು ಒಳಗಡೆಗೆ ತೆರೆಯುವಂಥದ್ದಾದರೆ ಅದನ್ನೂ ಪೂರ್ತಿ ತೆರೆದು ನೋಡಿ. ಪೆಲ್ಮೆಟ್‌ಗೆ ಬಡಿಯಬಾರದು.

ಮೂರನೇ ದಿನ ಬಟ್ಟೆ ತಂದೆ. ಇದು ನಾನು ಮಾಡಿದ ಮೊದಲ ದೊಡ್ಡ ತಪ್ಪು, ಅದೂ ಎರಡು ಥರ ತಪ್ಪು. ಒಂದು, ಪೆಟ್ಟಿಗೆ ಇನ್ನೂ ಆಗಿರಲೇ ಇಲ್ಲ. ಎರಡು, ಪನ್ನದ, ಅಂದರೆ ಬಟ್ಟೆಯ ಅಗಲದ ಬಗ್ಗೆ ಯೋಚಿಸಿರಲಿಲ್ಲ. ಪರದೆ, ಸೋಫಾಕ್ಕೆ ಬಳಸುವ ಬಟ್ಟೆಯ ಪನ್ನ ಸಾಮಾನ್ಯವಾಗಿ 137 ಸೆಂ.ಮೀ. ಸುಮಾರಿಗೆ ಇರುತ್ತದೆ. ನನಗೆ ಬೇಕಾಗಿದ್ದ ಉದ್ದ, ಮುಂದಿನ ಹಲಗೆ, ಎರಡು ಬದಿ, ಒಳಗೆ ಮಡಚಲು ಎರಡೂ ಕಡೆ 10 ಸೆಂ.ಮೀ. ಎಲ್ಲ ಸೇರಿ 250ರ ಹತ್ತಿರ. ಪನ್ನ ಸಾಲುವುದಿಲ್ಲ. ಆಗ ಬಟ್ಟೆಯನ್ನು ಅಡ್ಡ ತಿರುಗಿಸಿ, ಥಾನಿನ ಉದ್ದವೇ ಪೆಲ್ಮೆಟ್‌ನ ಉದ್ದಕ್ಕೆ ಬರುವ ಹಾಗೆ ಹಾಸಬೇಕು. ಹಾಗೆ ಹಾಸಿದರೆ ಜೋಡಣೆಯೇ ಇರುವುದಿಲ್ಲ. ಆದರೆ ನಾನು ಆಸೆಪಟ್ಟು ತಂದಿದ್ದ ಬಟ್ಟೆಯ ಮೇಲೆ ಬಳ್ಳಿಗಳಿದ್ದವು, ಕೆಳಗಿಂದ ಮೇಲಕ್ಕೆ ಹಬ್ಬುವ ಬಳ್ಳಿಗಳು. ಮನೆಗೆ ತಂದು ನೆಲದ ಮೇಲೆ ಅಡ್ಡ ಹಾಸಿದೆ. ಎಲ್ಲ ಬಳ್ಳಿಗಳೂ ಗಾಳಿಗೆ ಉರುಳಿಬಿದ್ದ ಹಾಗೆ ಮಲಗಿದ್ದವು.

ಬಟ್ಟೆಯನ್ನು ನೆಟ್ಟಗೇ ಇಟ್ಟು, ನಡುವೆ ಒಂದು ಪೂರ್ತಿ ಪನ್ನ, ಎರಡೂ ತುದಿಗೆ ಒಂದೊಂದು ತುಂಡು ಸೇರಿಸಬಹುದಿತ್ತು. ಇಸ್ತ್ರಿಯ ಬಿಸಿಗೆ ಕರಗಿ ಅಂಟುವ ಪಟ್ಟಿ ಸಿಗುತ್ತದೆ, ಅದರಲ್ಲಿ ಹೊಲಿಗೆ ಇಲ್ಲದೆ ಜೋಡಿಸಬಹುದು. ಒಂದು ಚೂರಿನಲ್ಲಿ ಮಾಡಿ ನೋಡಿದೆ. ಕಿಟಕಿ ಬೆಳಕಿಗೆ ಹಿಡಿದರೆ ಜೋಡಣೆಯ ಏಣು ಎದ್ದು ಕಾಣುತ್ತಿತ್ತು. ಬೇಡ ಅನ್ನಿಸಿತು. ಕತ್ತರಿಸಿಕೊಟ್ಟ ಬಟ್ಟೆಯನ್ನು ಅಂಗಡಿಯವರು ವಾಪಸ್ ತಗೊಳ್ಳಲ್ಲ, ಅದು ಸಹಜ. ಮಡಚಿ ಬೀರುವಿನಲ್ಲಿಟ್ಟೆ. ಆ ರಾತ್ರಿ ನಿಜವಾಗಿ ಬೇಜಾರಾಯಿತು.

ಎರಡನೇ ಸಲ ಹುಡುಕಿದ್ದು ಯಾವ ಕಡೆಯಿಂದ ನೋಡಿದರೂ ಒಂದೇ ಥರ ಕಾಣುವ ಬಟ್ಟೆ. ತಿಳಿ ಹಸಿರು ಬಣ್ಣದ, ಸಣ್ಣ ಚುಕ್ಕಿ ನೇಯ್ಗೆಯ ದಪ್ಪ ಹತ್ತಿ. ತೀರಾ ತೆಳು ಬಟ್ಟೆಯಾದರೆ ಒಳಗಿನ ಹಾಸು ಕಾಣುತ್ತದೆ. ಜಗ್ಗುವ ಬಟ್ಟೆಯಾದರೆ ಎಳೆದ ಕಡೆಗೆಲ್ಲ ಡೊಂಕಾಗುತ್ತದೆ. ಮಕಮಲ್ಲಾದರೆ ರೋಮದ ದಿಕ್ಕು ನೋಡಬೇಕು, ಅಡ್ಡ ಹಾಸಿದಾಗ ಬಣ್ಣವೇ ಬೇರೆ ಕಾಣುತ್ತದೆ. ಗೆರೆ ಗೆರೆಯ ಬಟ್ಟೆ ಮೊದಲ ಸಲ ಮಾಡುವವರಿಗೆ ಬೇಡವೇ ಬೇಡ ಅನ್ನುತ್ತೇನೆ, ಒಂದು ಎಳೆ ಓರೆಯಾದರೂ ದೂರದಿಂದಲೇ ಗೊತ್ತಾಗುತ್ತದೆ. ನಾನು ಆರಿಸಿದ ಬಣ್ಣ ಬೇಕಾದಷ್ಟು ಇರಲಿಲ್ಲ. ತರಿಸಿಕೊಡಲು ಎಂಟು ದಿನ ಹಿಡಿಯಿತು. ರಸೀದಿಯ ಮೇಲೆ ಥಾನಿನ ನಂಬರು ಬರೆಸಿಕೊಂಡು ಇಟ್ಟುಕೊಳ್ಳಿ. ಒಂದೇ ಬಣ್ಣ ಅಂತ ಕರೆದರೂ ಬೇರೆ ಬೇರೆ ಸಲ ಬಣ್ಣ ಹಾಕಿದ ಥಾನುಗಳಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಆಮೇಲೆ ಅರ್ಧ ಮೀಟರ್ ಬೇಕಾದರೆ ಹೊಂದುವುದೇ ಇಲ್ಲ.

ಆ ಎಂಟು ದಿನದಲ್ಲಿ ಪೆಟ್ಟಿಗೆ ಕೆಲಸ. 12 ಮಿ.ಮೀ. ಪ್ಲೈವುಡ್ ಆರಿಸಿದೆ. ಹಗುರದ ಥರ್ಮಕೋಲ್ ಜಾತಿಯ ಗಟ್ಟಿ ಹಲಗೆಯಲ್ಲೂ ಮಾಡುತ್ತಾರೆ. ಚಿಕ್ಕ ಕಿಟಕಿಗೆ ಅದು ಸಾಕು, ಗೋಡೆಗೂ ಭಾರವಿಲ್ಲ. ಸುಮಾರು ಎರಡು ಮೀಟರ್ ಉದ್ದಕ್ಕೆ ಅದು ನಡುವೆ ಬಾಗೀತು ಅನ್ನೋ ಭಯ ನನಗಿತ್ತು. ಕೊಯ್ದುಕೊಡುವ ಅಂಗಡಿಗೆ ಚೀಟಿ ಕೊಟ್ಟೆ: ಮುಂದಿನ ಹಲಗೆ 194 × 38, ಬದಿಗೆ 16 × 38 ಎರಡು, ಮೇಲೆ 16 ಅಗಲದ ಒಂದು. ಕೊಯ್ಯುವವರು ಕೇಳಿದರು, “ಮೇಡಂ, ಮೇಲಿನದು ಬದಿ ಹಲಗೆಗಳ ಒಳಗೆ ಕೂರಬೇಕಲ್ವಾ? ಹಾಗಾದ್ರೆ 24 ಮಿ.ಮೀ. ಕಮ್ಮಿ ಮಾಡ್ತೀನಿ.” ಹೌದು ಅಂದೆ. ಮೇಲಿನ ಹಲಗೆ 191.6 ಸೆಂ.ಮೀ. ಆಗಿ ಬಂತು. ಎರಡು ಬದಿಯ ದಪ್ಪ ಕಳೆದರೆ ಅಷ್ಟೇ ತಾನೇ. ಆಗ ನನಗೆ ಹೊಳೆಯಲಿಲ್ಲ. ನಾನು ಬರೆದುಕೊಂಡಿದ್ದ 194, ರಾಡು ಕೂರಬೇಕಾದ ಒಳ ಅಳತೆ. ಚೀಟಿಯಲ್ಲಿ ಅದನ್ನೇ ಹೊರ ಅಳತೆಯ ಜಾಗದಲ್ಲಿ ಬರೆದುಬಿಟ್ಟಿದ್ದೆ.

ನಿಮ್ಮ ಚೀಟಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ‘ಒಳ’, ‘ಹೊರ’ ಅಂತ ಬರೆಯಿರಿ. ಪಕ್ಕದಲ್ಲೇ ಒಂದು ಚಿತ್ರ ಬಿಡಿಸಿ, ಯಾವ ಹಲಗೆ ಯಾವುದರ ಹಿಂದೆ ಕೂರುತ್ತದೆ ಅನ್ನೋದು ಕಾಣುವ ಹಾಗೆ. ಅಂಗಡಿಗೆ ಮಿ.ಮೀ. ಲೆಕ್ಕದಲ್ಲೇ ಕೊಡಿ.

ಹಲಗೆ ಬರಲು ಎರಡು ದಿನ. ಅಂಚಿಗೆಲ್ಲ ಉಪ್ಪುಕಾಗದ ಉಜ್ಜಿದೆ, ಇಲ್ಲದಿದ್ದರೆ ಸಿಬಿರು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಮರದ ಅಂಟು ಹಚ್ಚಿ ಸ್ಕ್ರೂ ಹಾಕುವಾಗ ಆತುರಪಟ್ಟೆ. ಮೊದಲು ಸಣ್ಣ ತೂತು ಕೊರೆಯದೆ ನೇರ ಪ್ಲೈವುಡ್‌ನ ಅಂಚಿಗೆ ತಿರುಗಿಸಿದೆ. ಪದರಗಳು ಪುಸ್ತಕದ ಹಾಳೆ ಬಿಚ್ಚಿದ ಹಾಗೆ ಬಿಚ್ಚಿಕೊಂಡವು. ಅಲ್ಲಿಗೆ ಅಂಟು ತುಂಬಿ, ಕ್ಲಾಂಪ್ ಬಿಗಿದು, ಒಂದು ರಾತ್ರಿ ಬಿಟ್ಟೆ. ಉಳಿದ ಕಡೆ 3.5 ಮಿ.ಮೀ. ಸ್ಕ್ರೂಗೆ 2.5 ಮಿ.ಮೀ. ತೂತು ಮೊದಲೇ ಕೊರೆದೆ. ಒಳ ಮೂಲೆಗಳಿಗೆ ಚಿಕ್ಕ ಮರದ ತುಂಡುಗಳನ್ನು ಅಂಟಿಸಿದೆ. ಆಮೇಲೆ ಪೆಟ್ಟಿಗೆ ಅಲ್ಲಾಡಲೇ ಇಲ್ಲ. ಅಂಟು ಪೂರ್ತಿ ಒಣಗಲು 24 ಗಂಟೆ ಮುಟ್ಟಬೇಡಿ.

ಒಂಬತ್ತನೇ ದಿನ ಅಣ್ಣ ಬಂದಿದ್ದ. ಇಬ್ಬರೂ ಸೇರಿ ಬರೀ ಪೆಟ್ಟಿಗೆಯನ್ನೇ ಎತ್ತಿ ರಾಡಿನ ಮೇಲೆ ಹಿಡಿದು ನೋಡಿದೆವು. ಎರಡೂ ತುದಿಯ ಗುಂಡುಗಳು ಬದಿ ಹಲಗೆಗೆ ಹೆಚ್ಚುಕಮ್ಮಿ ತಾಗುತ್ತಿದ್ದವು. ಒಂದೊಂದು ಕಡೆ 8 ಮಿ.ಮೀ. ಸಂದಿ. ಒಳಗೆ ಮಡಚುವ ಬಟ್ಟೆ ಇನ್ನೂ ಬರಬೇಕಿತ್ತು. ಪರದೆ ಎಳೆದರೆ ತುದಿಯ ನಿರಿಗೆ ಅಲ್ಲೇ ಸಿಕ್ಕಿಹಾಕಿಕೊಂಡಿತು. ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡೇ ನನಗೆ ಅಳು ಬಂತು. ಬಟ್ಟೆಯ ದಂಡ ಒಂದಾಗಿತ್ತು, ಈಗ ಹಲಗೆಯೂ ಹೋಯಿತು ಅಂದುಕೊಂಡೆ.

ಅಣ್ಣ ಪೆಟ್ಟಿಗೆ ಕೆಳಗಿಟ್ಟು ರಾಡಿನ ತುದಿಯನ್ನು ತಿರುಗಿಸಿ ಬಿಚ್ಚಿದ. “ಇದು ಯಾಕೆ ಬೇಕು ಹೇಳು? ಪೆಟ್ಟಿಗೆ ಒಳಗೆ ಯಾರು ನೋಡ್ತಾರೆ?” ಅಂದ. ನಿಜ ಅಲ್ವಾ! ಆ ಗುಂಡುಗಳು ಅಲಂಕಾರಕ್ಕೆ ಇರೋದು. ಎರಡನ್ನೂ ತೆಗೆದು ಚಪ್ಪಟೆ ಮುಚ್ಚಳ ಹಾಕಿದೆವು. ರಾಡು 190ರಿಂದ 180ಕ್ಕೆ ಇಳಿಯಿತು. ಎರಡೂ ಬದಿಗೆ ಐದು ಐದು ಸೆಂ.ಮೀ.ಗಿಂತ ಜಾಸ್ತಿ ಜಾಗ ಸಿಕ್ಕಿತು. ನೀವು ಅಳತೆ ತೆಗೆಯುವ ಮೊದಲೇ ಈ ತುದಿಗಳನ್ನು ಬಿಚ್ಚಿಡಿ. ಪೆಟ್ಟಿಗೆಯೂ ಚಿಕ್ಕದಾಗುತ್ತದೆ, ಬಟ್ಟೆಯೂ ಉಳಿಯುತ್ತದೆ.

ಬಟ್ಟೆ ಹೊದಿಸುವ ಮೊದಲೇ ಗೋಡೆ ಕೆಲಸ ಮುಗಿಸಿ, ಇದು ನನ್ನ ಗಟ್ಟಿ ಸಲಹೆ. ಗೋಡೆ ಕೊರೆದ ಧೂಳು ಹೊಸ ಬಟ್ಟೆಗೆ ಬಿದ್ದರೆ ಪೂರ್ತಿ ಹೋಗಲ್ಲ. ನಮ್ಮ ಲೆಕ್ಕ ಸರಳವಿತ್ತು. ಮೂರು ಎಲ್ ಆಕಾರದ ಬ್ರಾಕೆಟ್ಟುಗಳನ್ನು ಗೋಡೆಗೆ ಹೊಡೆಯುವುದು, ಅದರ ಮೇಲೆ ಪೆಟ್ಟಿಗೆಯ ಮೇಲ್ಹಲಗೆ ಕೂರಿಸಿ ಕೆಳಗಿಂದ ಸ್ಕ್ರೂ ಹಾಕುವುದು. ಪೆಟ್ಟಿಗೆ ತೂಗಿ ನೋಡಿದ್ದೆ, ಸುಮಾರು 8 ಕಿಲೋ. ಮೂರು ಬ್ರಾಕೆಟ್ಟಿಗೆ ಅದು ಭಾರವೇನಲ್ಲ.

ಮನೆಯಲ್ಲಿದ್ದ ಚಿಕ್ಕ ಡ್ರಿಲ್ ತಗೊಂಡು ಅಣ್ಣ ಶುರು ಮಾಡಿದ. ಗಾರೆ ಸುಲಭವಾಗಿ ಪುಡಿಯಾಯಿತು, ಒಂದು ಬೆರಳಿನಷ್ಟು ಒಳಗೆ ಹೋಯಿತು, ಅಲ್ಲಿಗೆ ನಿಂತಿತು. ಎಷ್ಟು ಒತ್ತಿದರೂ ಬರೀ ಕಿರುಚಾಟ. ಬಿಟ್ಟಿನ ತುದಿ ಕಪ್ಪಾಗಿ ಹೊಗೆ ಬಂತು. “ಇದು ಲಿಂಟಲ್ ಕಣೇ. ಈ ಡ್ರಿಲ್‌ಗೆ ಬಗ್ಗೋದಲ್ಲ” ಅಂದ. ಕಿಟಕಿಯ ಮೇಲೆ ಗೋಡೆಯ ಭಾರ ಹೊರಲು ಕಬ್ಬಿಣ ಹಾಕಿ ಎರಕ ಹೊಯ್ದ ಕಾಂಕ್ರೀಟ್ ತೊಲೆ ಇರುತ್ತದೆ. ಪೆಲ್ಮೆಟ್ ಬರೋದು ಸರಿಯಾಗಿ ಅದರ ಮೇಲೆ. ಈ ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಹೊಡೆತ ಕೊಡುತ್ತಾ ತಿರುಗುವ ಹ್ಯಾಮರ್ ಡ್ರಿಲ್ ಬೇಕೇ ಬೇಕು. ಅದನ್ನು ಎರವಲು ತರಲು ಮುಂದಿನ ಭಾನುವಾರದವರೆಗೆ ಕಾದೆವು. ಇನ್ನೊಂದು ವಾರ ಹೋಯಿತು.

ಆ ಭಾನುವಾರ ಎರಡು ತೂತು ಸಲೀಸಾಗಿ ಬಿದ್ದವು. ನಡುವಿನದು ಒಳಗಿನ ಕಬ್ಬಿಣದ ಸರಳಿಗೆ ತಾಗಿತು. ಸದ್ದೇ ಬದಲಾಗುತ್ತದೆ, ಕೈಗೆ ಗೊತ್ತಾಗುತ್ತದೆ. ಅಲ್ಲಿ ಜಿದ್ದಿಗೆ ಬೀಳಬಾರದು. ಆ ಸರಳು ಗೋಡೆ ಹೊರುವುದಕ್ಕೆ ಇರುವಂಥದ್ದು. ಮೂರು ಸೆಂ.ಮೀ. ಪಕ್ಕಕ್ಕೆ ಸರಿದು ಬೇರೆ ತೂತು ಹಾಕಿದೆವು. ಕೊರೆಯುವ ಮೊದಲು ಎರಡು ವಿಷಯ ನೋಡಿಕೊಳ್ಳಿ: ಹತ್ತಿರದ ಸ್ವಿಚ್ಚು, ದೀಪದಿಂದ ವೈರು ಆ ಕಡೆ ಹೋಗಿದೆಯಾ ಅನ್ನೋದು, ಮತ್ತೆ ಬ್ರಾಕೆಟ್ಟು ರಾಡಿನ ಹಿಡಿಗಳಿಗೆ ಅಡ್ಡ ಬರುತ್ತದಾ ಅನ್ನೋದು. ಮೇಲೆ ಕೆಳಗೆ ಆಗದ ಹಾಗೆ ರಸಮಟ್ಟ ಇಟ್ಟೇ ಗುರುತು ಹಾಕಿ. ಕಿಟಕಿಯ ಚೌಕಟ್ಟನ್ನು ನಂಬಬೇಡಿ, ನಮ್ಮದು ಒಂದು ಕಡೆ 6 ಮಿ.ಮೀ. ಇಳಿದಿತ್ತು. ಹೇಗೂ ಪೆಲ್ಮೆಟ್ ಚೌಕಟ್ಟಿನ ಮೇಲಂಚನ್ನು ಮುಚ್ಚಿಬಿಡುತ್ತದೆ.

ಬ್ರಾಕೆಟ್ಟಿನ ಮೇಲೆ ಬರೀ ಪೆಟ್ಟಿಗೆ ಇಟ್ಟು, ಸ್ಕ್ರೂ ಬರುವ ಜಾಗದಲ್ಲಿ ಮೇಲ್ಹಲಗೆಗೆ ಚಿಕ್ಕ ತೂತು ಅಂದೇ ಕೊರೆದಿಟ್ಟೆವು. ಕೊನೆಗೆ ತಲೆ ಮೇಲೆತ್ತಿ, ಕೈ ನೋಯುತ್ತಾ ತೂತು ಹುಡುಕುವ ಕಷ್ಟ ಇದರಿಂದ ತಪ್ಪಿತು.

ಇಷ್ಟು ಹೊತ್ತಿಗೆ 17 ದಿನ. ಬಟ್ಟೆಯೂ ಬಂದಿತ್ತು. ನಿಜ ಹೇಳಬೇಕೆಂದರೆ ನಾನು ಕಾಯುತ್ತಿದ್ದದ್ದು ಈ ದಿನಕ್ಕೆ.

ಮೊದಲು ಹಾಸು. ಸ್ಪಂಜಿಗಿಂತ ಪಾಲಿಯೆಸ್ಟರ್ ಹತ್ತಿಯ 1 ಸೆಂ.ಮೀ. ದಪ್ಪದ ಹಾಸು ಆರಿಸಿದೆ. ಸ್ಪಂಜು ಬೆಳಕಿಗೆ ಹಳದಿಯಾಗಿ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ಬಿಸಿಲ ಕಿಟಕಿಗೆ ಅದು ಬೇಡ ಅನ್ನಿಸಿತು. ಹಲಗೆಗೆ ಸ್ಪ್ರೇ ಅಂಟು ತೆಳುವಾಗಿ ಹೊಡೆದು ಹಾಸನ್ನು ಮುಂದಕ್ಕೂ ಬದಿಗೂ ಸುತ್ತಿದೆ. ಮೂಲೆಗಳಲ್ಲಿ ಹಲಗೆಯ ಏಣು ಕೈಗೆ ಸಿಗಬಾರದು. ಈ ಅಂಟಿನ ವಾಸನೆ ಜೋರು. ಕಿಟಕಿ ಬಾಗಿಲು ತೆರೆದು ಮಾಡಿ. ಆ ರಾತ್ರಿ ಅಮ್ಮನನ್ನು ಬೇರೆ ಕೋಣೆಯಲ್ಲಿ ಮಲಗಿಸಿದೆ. ಮುಖ್ಯ ಬಟ್ಟೆಗೆ ಮಾತ್ರ ಈ ಅಂಟು ಹೊಡೆಯಬೇಡಿ. ತಿಳಿ ಬಣ್ಣದ ಮೇಲೆ ಕಲೆ ಎದ್ದು ಬರುತ್ತದೆ.

ಹಾಸಿನ ಅಂಚನ್ನು ಒಳಗಡೆ ಸ್ಟೇಪಲ್ ಹೊಡೆದು ಭದ್ರ ಮಾಡಿದೆ. ಆಮೇಲೆ ಸುಮ್ನೆ ಮುಂಭಾಗದ ಮೇಲೆ ಅಂಗೈ ಆಡಿಸಿದೆ. ಮುಳ್ಳು ಚುಚ್ಚಿದ ಹಾಗಾಯಿತು. ಹಾಸು ಸರಿಸಿ ನೋಡಿದರೆ ಸ್ಟೇಪಲ್‌ನ ಎರಡು ಚೂಪು ಕಾಲುಗಳು ಹೊರಗೆ ಇಣುಕುತ್ತಿದ್ದವು. ನಾನು ತಂದಿದ್ದದ್ದು 14 ಮಿ.ಮೀ. ಸ್ಟೇಪಲ್, ಹಲಗೆ 12 ಮಿ.ಮೀ. ಬಟ್ಟೆ ಹೊದಿಸಿದ ಮೇಲೆ ಗೊತ್ತಾಗಿದ್ದರೆ ಬಟ್ಟೆಯೇ ಹರಿಯುತ್ತಿತ್ತು. ಎಲ್ಲವನ್ನೂ ಇಕ್ಕಳದಲ್ಲಿ ಕಿತ್ತು 8 ಮಿ.ಮೀ. ತಂದು ಮತ್ತೆ ಹೊಡೆದೆ. ಮಡಿಕೆ ದಪ್ಪ ಬರುವ ಮೂಲೆಗಳಿಗೆ 10 ಮಿ.ಮೀ. ಬಳಸಿದೆ.

ಬಟ್ಟೆ ಕತ್ತರಿಸಿದ್ದು ಹಾಸು ಸುತ್ತಿದ ಮೇಲೆ, ಮತ್ತೊಂದು ಸಲ ಟೇಪು ಹಿಡಿದು. ಹಾಸಿನ ದಪ್ಪಕ್ಕೇ ಸುಮಾರು 2 ಸೆಂ.ಮೀ. ಹೆಚ್ಚು ಬೇಕಾಯಿತು. ಚೆನ್ನಾಗಿ ಇಸ್ತ್ರಿ ಮಾಡಿ. ಎಳೆದರೆ ಸುಕ್ಕು ಹೋಗುತ್ತದೆ ಅನ್ನೋದು ಸುಳ್ಳು, ಥಾನಿನ ಮಡಿಕೆಯ ಗೆರೆ ಹಾಗೇ ಉಳಿಯುತ್ತದೆ.

ಬಟ್ಟೆಯನ್ನು ಒಳಮೈ ಮೇಲಾಗಿ ನೆಲಕ್ಕೆ ಹಾಸಿ, ಪೆಟ್ಟಿಗೆಯನ್ನು ಮುಖ ಕೆಳಗಾಗಿ ಅದರ ಮೇಲೆ ಇಟ್ಟೆ. ಹಲಗೆಯ ನಡುವಿಗೂ ಬಟ್ಟೆಯ ನಡುವಿಗೂ ಪೆನ್ಸಿಲ್ ಗುರುತು ಹಾಕಿ ಕೂಡಿಸಿದೆ. ಮೊದಲ ಸ್ಟೇಪಲ್ ಕೆಳ ಅಂಚಿನ ನಟ್ಟನಡುವೆ. ಎರಡನೆಯದು ಅದಕ್ಕೆ ಎದುರು, ಮೇಲ್ಹಲಗೆಯ ಮೇಲೆ. ಆಮೇಲೆ ನಡುವಿನಿಂದ ಬಲಕ್ಕೊಂದು, ಎಡಕ್ಕೊಂದು, ಮತ್ತೆ ಎದುರಿಗೆ. ಒಂದು ತುದಿಯಿಂದ ಶುರು ಮಾಡಿಕೊಂಡು ಹೋದರೆ ಬಟ್ಟೆ ಓರೆಯಾಗಿ ಇನ್ನೊಂದು ತುದಿಯಲ್ಲಿ ಗುಡ್ಡೆ ಬೀಳುತ್ತದೆ. ಮೊದಲ ಸುತ್ತಿನಲ್ಲಿ ಗೇಣಿಗೊಂದು ಹೊಡೆದು, ತಿರುಗಿಸಿ ನೋಡಿ, ಸರಿಯಿದ್ದರೆ ಮಾತ್ರ ನಡುವೆ 3–4 ಸೆಂ.ಮೀ.ಗೆ ಒಂದರಂತೆ ತುಂಬಿ.

ನಾನು ತಿರುಗಿಸಿ ನೋಡಿದಾಗ ಕೆಳ ಅಂಚಿನ ಚುಕ್ಕಿ ಸಾಲು ಅಲೆ ಅಲೆಯಾಗಿತ್ತು. ಪ್ರತಿ ಸ್ಟೇಪಲ್ ಇದ್ದ ಕಡೆ ಸಾಲು ಒಳಗೆ ಜಗ್ಗಿತ್ತು, ನಡುವೆ ಉಬ್ಬಿತ್ತು. ಬಿಗಿಯಾಗಿ ಕೂರಲಿ ಅಂತ ಬಲ ಹಾಕಿ ಎಳೆದಿದ್ದೆ. ಕೆಳಗಿನ ಸಾಲಿನ ಸ್ಟೇಪಲ್‌ಗಳನ್ನೆಲ್ಲ ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ ಕಿತ್ತೆ. ಎರಡನೇ ಸಲ ಅಂಗೈಯನ್ನು ಚಪ್ಪಟೆಯಾಗಿ ಬಟ್ಟೆಯ ಮೇಲಿಟ್ಟು, ಹಾಸಿಗೆಯ ಮೇಲುಹೊದಿಕೆ ನೀವುವ ಹಾಗೆ ನೀವಿ, ಸಡಿಲ ಹೋದಷ್ಟಕ್ಕೇ ನಿಲ್ಲಿಸಿ ಹೊಡೆದೆ. ಕಣ್ಣು ಬಟ್ಟೆಯ ಅಂಚಿನ ಮೇಲಲ್ಲ, ಚುಕ್ಕಿ ಸಾಲಿನ ಮೇಲೆ ಇರಬೇಕು. ಸಾಲು ಹಲಗೆಯ ಏಣಿಗೆ ಸಮಾನವಾಗಿ ಓಡುತ್ತಿದ್ದರೆ ಬಟ್ಟೆ ನೆಟ್ಟಗಿದೆ ಅಂತಲೇ ಅರ್ಥ. ಪೂರ್ತಿ ಒಳಗಿಳಿಯದೆ ಎದ್ದು ನಿಂತ ಸ್ಟೇಪಲ್‌ಗಳಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ.

ಮೂಲೆಗೆ ಹೆದರಬೇಡಿ. ಉಡುಗೊರೆಗೆ ಕಾಗದ ಸುತ್ತುವಾಗ ಮಡಚುತ್ತೀರಲ್ಲ, ಅದೇ. ಹೆಚ್ಚುವರಿ ಬಟ್ಟೆಯನ್ನು ಒಂದೇ ಮಡಿಕೆಯಾಗಿ ಮಡಚಿ, ಮಡಿಕೆಯ ಬಾಯಿ ಗೋಡೆ ಕಡೆಗೆ ಅಥವಾ ಮೇಲಕ್ಕೆ ಬರುವ ಹಾಗೆ ತಿರುಗಿಸಿ. ಕೆಳಗೆ ನಿಂತವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಮಡಿಕೆಯೊಳಗಿನ ಬಟ್ಟೆ ದಪ್ಪ ಅನ್ನಿಸಿದರೆ ಸ್ವಲ್ಪ ಕತ್ತರಿಸಿ, ಆದರೆ ಏಣಿನಿಂದ ಒಂದು ಸೆಂ.ಮೀ. ಬಿಟ್ಟು.

ಒಳಭಾಗಕ್ಕೆ ಬಿಳಿ ಹತ್ತಿ ಬಟ್ಟೆ ಹಾಕಿದೆ. ಬೀದಿಯಿಂದ ನೋಡಿದರೆ ಗಾಜಿನ ಹಿಂದೆ ಪ್ಲೈವುಡ್ಡು, ಸ್ಟೇಪಲ್ಲು ಕಾಣಬಾರದಲ್ವಾ? ಅಂಚು ನೆಟ್ಟಗೆ ಬರಲು ದಪ್ಪ ರಟ್ಟಿನ ಒಂದು ಬೆರಳಗಲದ ಪಟ್ಟಿಯನ್ನು ಬಟ್ಟೆಯ ಒಳಗೆ ಇಟ್ಟು, ಪಟ್ಟಿಯ ಮೇಲೇ ಸ್ಟೇಪಲ್ ಹೊಡೆದು, ಬಟ್ಟೆಯನ್ನು ಅದರ ಮೇಲೆ ತಿರುವಿ ಎಳೆದೆ. ಗೆರೆ ಎಳೆದ ಹಾಗೆ ಬಂತು.

ಕೆಳ ಅಂಚಿಗೆ ಒಂದು ಹೆಣೆದ ಪಟ್ಟಿ ಅಂಟಿಸುವ ಆಸೆ ನನ್ನದು. ಬಿಸಿ ಅಂಟಿನ ಗನ್ನಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಿತು. ಪೆಟ್ಟಿಗೆಯನ್ನು ಕಿಟಕಿ ಪಕ್ಕ ಒರಗಿಸಿಟ್ಟಿದ್ದೆ. ಮೂರನೇ ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬೀಳುವ ಕಡೆಯ ಪಟ್ಟಿ ಜಾರಿ ನೇತಾಡುತ್ತಿತ್ತು. ಬಿಸಿಯಲ್ಲಿ ಕರಗಿಸಿ ಹಚ್ಚುವ ಅಂಟು ಬಿಸಿಗೇ ಮೆತ್ತಗಾಗುತ್ತದೆ. ಒಣಗಿದ ಅಂಟನ್ನು ಉಗುರಿನಲ್ಲಿ ಬಿಡಿಸಿ, ಬಟ್ಟೆಗೆಂದೇ ಸಿಗುವ ತಣ್ಣನೆಯ ಅಂಟು ಹಚ್ಚಿ, ಗುಂಡುಪಿನ್ನು ಚುಚ್ಚಿ ರಾತ್ರಿಯಿಡೀ ಬಿಟ್ಟೆ. ಈಗ ಗಟ್ಟಿಯಾಗಿದೆ. ಬಿಸಿಲ ಕಿಟಕಿಯವರು ಮೊದಲೇ ಇದನ್ನೇ ಬಳಸಿ.

24ನೇ ದಿನ ಅಣ್ಣ ಒಂದು ತುದಿ, ನಾನು ಒಂದು ತುದಿ ಹಿಡಿದು ಎತ್ತಿದೆವು. ಪರದೆಯನ್ನು ಮೊದಲೇ ರಾಡಿಗೆ ಹಾಕಿದ್ದೆವು, ಆಮೇಲೆ ಕೈ ಹೋಗುವುದು ಕಷ್ಟ. ಬ್ರಾಕೆಟ್ಟಿನ ಮೇಲೆ ಪೆಟ್ಟಿಗೆ ಟಕ್ ಅಂತ ಕೂತಿತು. ಕೆಳಗಿಂದ 10 ಮಿ.ಮೀ.ನ ಗಿಡ್ಡ ಸ್ಕ್ರೂ ಹಾಕಿದೆವು, ಅದಕ್ಕಿಂತ ಉದ್ದದ್ದು ಮೇಲ್ಹಲಗೆಯಿಂದ ಆಚೆ ಬರುತ್ತದೆ. ಮುಂದೆ ಒಗೆಯಲು ಪರದೆ ತೆಗೆಯಬೇಕಾದರೆ ಆ ಸ್ಕ್ರೂಗಳನ್ನು ಬಿಚ್ಚಿದರೆ ಸಾಕು, ಪೆಟ್ಟಿಗೆ ಮೇಲೆದ್ದು ಬರುತ್ತದೆ.

ಖರ್ಚಿನ ಮಾತು. ಒಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಟ್ಟೆಗೇ ಹೋಯಿತು, ಅದೂ ಎರಡು ಸಲ ಕೊಂಡಿದ್ದರಿಂದ. ಅದರ ನಂತರ ಪ್ಲೈವುಡ್. ನನಗೆ ಆಶ್ಚರ್ಯವಾಗಿದ್ದು ಕೆಳಗಿನ ಹೆಣೆದ ಪಟ್ಟಿ. ಹಾಸು, ಅಂಟು, ಸ್ಟೇಪಲ್ ಮೂರೂ ಸೇರಿದಷ್ಟು ಅದೊಂದಕ್ಕೇ ಆಯಿತು. ಸ್ಟೇಪಲ್ ಗನ್ ಒಂದು ಸಲದ ಖರ್ಚು, ಮುಂದಕ್ಕೂ ಬರುತ್ತದೆ. ಹ್ಯಾಮರ್ ಡ್ರಿಲ್ ಕೊಳ್ಳಬೇಡಿ, ಎರವಲೋ ಬಾಡಿಗೆಗೋ ತನ್ನಿ. ಸಮಯದ ಲೆಕ್ಕ ಬರೆದಿಟ್ಟಿದ್ದೆ. ನಿಜವಾಗಿ ಕೈಯಾಡಿಸಿದ್ದು 14 ಗಂಟೆ. ಉಳಿದದ್ದೆಲ್ಲ ಬಟ್ಟೆಗೆ, ಅಂಟಿಗೆ, ಡ್ರಿಲ್‌ಗೆ ಕಾದದ್ದು.

ಕೂರಿಸಿದ ಮಾರನೇ ದಿನ ಮೂರು ಗಂಟೆಗೆ ಅಮ್ಮನ ಕೋಣೆಗೆ ಹೋಗಿ ಕೂತೆ. ಎದುರು ಗೋಡೆಯ ಆ ಪಟ್ಟಿ ಇರಲಿಲ್ಲ. ಎಡ ಮೂಲೆಯಲ್ಲಿ ಮಾತ್ರ ಗೋಡೆಗುಂಟ ಕೆಳಗಿಳಿಯುವ, ನೂಲಿನಷ್ಟು ತೆಳು ಬೆಳಕು. ಗೋಡೆ ಅಲ್ಲಿ ಸ್ವಲ್ಪ ಒಳಗೆ ತಗ್ಗಿದೆ, ಬದಿ ಹಲಗೆ ಪೂರ್ತಿ ತಾಗುತ್ತಿಲ್ಲ. ಉಣ್ಣೆಯ ದಪ್ಪ ಪಟ್ಟಿಯೊಂದನ್ನು ಹಲಗೆಯ ಹಿಂದಿನ ಅಂಚಿಗೆ ಅಂಟಿಸಿ ಒತ್ತಿದೆ. ನೂಲೂ ಹೋಯಿತು. ಅಮ್ಮ ಸೆರಗು ಬದಿಗೆ ಸರಿಸಿ ಮಲಗಿದ್ದರು, ಎಚ್ಚರವಾಗಲಿಲ್ಲ.

ಬಳ್ಳಿಯ ಬಟ್ಟೆ ಬೀರುವಿನಲ್ಲೇ ಇತ್ತಲ್ಲ, ಅದಕ್ಕೂ ಜಾಗ ಸಿಕ್ಕಿತು. ಹಜಾರದ ಚಿಕ್ಕ ಕಿಟಕಿಗೆ ಮುಂದಿನ ಹಲಗೆ 76 ಸೆಂ.ಮೀ. ಸಾಕು. ಬದಿ, ಮಡಿಕೆ, ಹಾಸು ಎಲ್ಲ ಸೇರಿದರೂ 137ರ ಪನ್ನದೊಳಗೆ ಬರುತ್ತದೆ, ಬಳ್ಳಿಗಳು ನೆಟ್ಟಗೇ ನಿಲ್ಲುತ್ತವೆ. ರಾಡಿನ ತುದಿ ಬಿಚ್ಚಿ ಅಳೆದಿದ್ದೇನೆ, ಚೀಟಿಯಲ್ಲಿ ‘ಒಳ’, ‘ಹೊರ’ ಬರೆದಿದ್ದೇನೆ. ಪೆಟ್ಟಿಗೆಯ ಅಂಟು ಈಗ ಒಣಗುತ್ತಿದೆ.